ಯಾರು ಯಾವ ಗುಂಪಿಗೆ? ಪ್ರಯೋಗ ಕೆಡದಿರಲು ಹನ್ನೆರಡು ಸೂತ್ರಗಳು

ಮನಃಶಾಸ್ತ್ರದಲ್ಲಿ ಎಂ.ಎ., ಪಿಎಚ್.ಡಿ. ಮಾಡುವವರು ಪ್ರಶ್ನಾವಳಿ ಹುಡುಕಿಕೊಂಡು ತಿಂಗಳುಗಟ್ಟಲೆ ಅಲೆಯುತ್ತಾರೆ. ಅಂಕಿಅಂಶದ ಸಾಫ್ಟ್‌ವೇರ್ ಕಲಿಯಲು ಟ್ಯೂಷನ್‌ಗೂ ಹೋಗುತ್ತಾರೆ. ಆದರೆ ಬಂದವರಲ್ಲಿ ಯಾರನ್ನು ಯಾವ ಗುಂಪಿಗೆ ಹಾಕುವುದು ಎನ್ನುವುದು ಮಾತ್ರ ಪ್ರಯೋಗದ ದಿನ ಬೆಳಗ್ಗೆ ನಿಂತ ಕಾಲಲ್ಲೇ ತೀರ್ಮಾನವಾಗುತ್ತದೆ. "ಮೊದಲು ಬಂದ ಇಪ್ಪತ್ತು ಜನ ಹಾಡಿನ ಗುಂಪು, ಆಮೇಲೆ ಬಂದವರು ಮೌನದ ಗುಂಪು." ಮುಗಿಯಿತು. ಬೇಗ ಬರುವವರು ಶಿಸ್ತಿನವರಿರಬಹುದು, ತಡವಾಗಿ ಬರುವವರು ರಾತ್ರಿ ನಿದ್ದೆಗೆಟ್ಟವರಿರಬಹುದು ಎನ್ನುವುದು ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದಾಗಲೇ ತಲೆಗೆ ಹೊಳೆಯುವುದು. ಅಷ್ಟು ಹೊತ್ತಿಗೆ ಯಾವ ಸಾಫ್ಟ್‌ವೇರೂ ಕೈಹಿಡಿಯದು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಸರಳ ಪ್ರಯೋಗ ಇಟ್ಟುಕೊಳ್ಳೋಣ: ಸಿನಿಮಾ ಹಾಡು ಕೇಳುತ್ತ ಓದಿದರೆ ಪದಪಟ್ಟಿ ಹೆಚ್ಚು ನೆನಪುಳಿಯುತ್ತದೋ, ಮೌನದಲ್ಲಿ ಓದಿದರೋ? ಸೂತ್ರಗಳಿಗೆ ಬರೋಣ.

1. ತೀರ್ಮಾನವನ್ನು ನಿಮ್ಮ ಕೈಯಿಂದ ಬಿಡಿಸಿ

ಮೊದಲ ಸೂತ್ರವೇ ಎಲ್ಲಕ್ಕೂ ಬುಡ. ಗುಂಪು ಹಂಚುವುದು ಚೀಟಿಯ ಕೆಲಸ, ನಿಮ್ಮದಲ್ಲ. ಅನುಭವ, ಅಂದಾಜು, ಅನುಕೂಲ ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ಅನುಕೂಲಕ್ಕೆ ಜಾಗ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಜೋಸೆಫ್ ಬ್ರಾಡಿ ಮತ್ತು ಸಂಗಡಿಗರ ಮಂಗಗಳೇ ಸಾಕ್ಷಿ. 1958ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮಂಗಗಳನ್ನು ಜೋಡಿಜೋಡಿಯಾಗಿ ಕುರ್ಚಿಗೆ ಕಟ್ಟಿ ಕೂರಿಸಿದ್ದರು. ಜೋಡಿಯಲ್ಲಿ ಒಂದಕ್ಕೆ ಸನ್ನೆ ಒತ್ತಿ ವಿದ್ಯುತ್ ಆಘಾತವನ್ನು ಮುಂದೂಡುವ ಅಧಿಕಾರ. ಇನ್ನೊಂದಕ್ಕೆ ಅದೇ ಆಘಾತ, ಅಧಿಕಾರ ಮಾತ್ರ ಇಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ಸತ್ತದ್ದು ಅಧಿಕಾರವಿದ್ದ ಮಂಗ. 'ಜವಾಬ್ದಾರಿ ಹೊತ್ತವನಿಗೆ ಅಲ್ಸರ್' ಎಂಬ ಮಾತು ಪತ್ರಿಕೆಗಳಿಗೆ ಹಬ್ಬದೂಟವಾಯಿತು. ದೊಡ್ಡ ಹುದ್ದೆಯ ಒತ್ತಡದ ಬಗ್ಗೆ ಇವತ್ತಿಗೂ ಭಾಷಣ ಬಿಗಿಯುವವರ ಬಾಯಲ್ಲಿ ಈ ಮಂಗಗಳು ಬದುಕಿವೆ.

ಎಡವಟ್ಟು ಎಲ್ಲಿತ್ತು? ಯಾವ ಮಂಗ ಬೇಗ ಬೇಗ ಸನ್ನೆ ಒತ್ತುತ್ತದೆ ಎಂದು ಮೊದಲೇ ನೋಡಿಕೊಂಡು, ಅದನ್ನೇ ಅಧಿಕಾರದ ಕುರ್ಚಿಗೆ ಹಾಕಿದ್ದರು. ಕೆಲಸ ಬೇಗ ಸಾಗಲಿ ಎಂಬ ಅನುಕೂಲವಷ್ಟೇ, ಮೋಸವೇನಿಲ್ಲ. ಆಮೇಲೆ ಜೇ ವೈಸ್ ಎಂಬಾತ ಇಲಿಗಳನ್ನು ಯಾವ ಗುಂಪಿಗೆ ಯಾವುದೆಂದು ಅದೃಷ್ಟಕ್ಕೇ ಬಿಟ್ಟು ಪ್ರಯೋಗ ಮಾಡಿದಾಗ ಫಲ ತಿರುಗುಮುರುಗಾಯಿತು: ಆಘಾತ ತಡೆಯುವ ಹಿಡಿತ ಇದ್ದವಕ್ಕೇ ಹುಣ್ಣು ಕಡಿಮೆ. ಜತೆಗೆ, ಪದೇ ಪದೇ ಒದ್ದಾಡಿ ಪ್ರತಿಕ್ರಿಯಿಸುವ ಪ್ರಾಣಿಗಳಿಗೆ ಹುಣ್ಣು ಹೆಚ್ಚು ಎಂಬುದೂ ಕಂಡಿತು. ಅಂದರೆ ಬ್ರಾಡಿ ಹುಣ್ಣಾಗುವ ಮಂಗಗಳನ್ನೇ ಆರಿಸಿ ಆರಿಸಿ ಒಂದು ಕಡೆ ಕೂರಿಸಿದಂತಾಗಿತ್ತು.

2. ಒಳ್ಳೆಯ ಮನಸ್ಸಿನವರ ಮೇಲೆ ಹೆಚ್ಚು ನಿಗಾ ಇರಲಿ

ಪ್ರಯೋಗ ಕೆಡಿಸುವವರಲ್ಲಿ ಕಳ್ಳರಿಗಿಂತ ಕರುಣಾಳುಗಳೇ ಹೆಚ್ಚು. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್‌ನಲ್ಲಿ 67 ಶಾಲೆಗಳ 20,000 ಮಕ್ಕಳ ಮೇಲೆ ಹಾಲಿನ ಪ್ರಯೋಗ ನಡೆಯಿತು. 10,000 ಮಕ್ಕಳಿಗೆ ದಿನಾ ಹಾಲು, ಉಳಿದವರಿಗೆ ಇಲ್ಲ. ಫೆಬ್ರುವರಿಯಿಂದ ಜೂನ್‌ವರೆಗೆ ಎಷ್ಟು ಬೆಳೆದರು ಎಂದು ನೋಡುವುದು. ಯಾರಿಗೆ ಹಾಲು ಎಂಬುದನ್ನು ಕೆಲವು ಶಾಲೆಗಳು ಚೀಟಿ ಎತ್ತಿ, ಕೆಲವು ಹೆಸರಿನ ಅಕ್ಷರಕ್ರಮ ಹಿಡಿದು ನಿರ್ಧರಿಸಿದವು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತೇನೋ. ಆದರೆ ಗುಂಪುಗಳು ಸಮ ಅನ್ನಿಸದಿದ್ದರೆ ಮಕ್ಕಳನ್ನು ಅದಲುಬದಲು ಮಾಡಬಹುದು ಎಂದು ಮೇಷ್ಟರಿಗೆ ಸ್ವಾತಂತ್ರ್ಯ ಕೊಟ್ಟಿದ್ದರು.

ಎದುರಿಗೆ ಬಡಕಲು ಮಗು ನಿಂತಿದೆ, ಕೈಯಲ್ಲಿ ಹಾಲಿದೆ. ಯಾವ ಮೇಷ್ಟರು ತಾನೇ ಕೊಡದೆ ಇದ್ದಾರು? ಸೊರಗಿದ ಮಕ್ಕಳು ಹಾಲಿನ ಗುಂಪಿಗೆ ಸರಿದರು, ಗುಂಡುಗುಂಡಗಿದ್ದವರು ಇನ್ನೊಂದಕ್ಕೆ. ಪ್ರಯೋಗ ಶುರುವಾಗುವ ದಿನವೇ ಹಾಲಿಲ್ಲದ ಗುಂಪು ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿತ್ತು. ಸಾಲದ್ದಕ್ಕೆ ಮಕ್ಕಳನ್ನು ಬಟ್ಟೆಯ ಸಮೇತ ತೂಗಿದ್ದರು. ಫೆಬ್ರುವರಿಯ ಚಳಿಯಲ್ಲಿ ಉಳ್ಳವರ ಮಕ್ಕಳ ಮೈಮೇಲೆ ದಪ್ಪ ಬಟ್ಟೆ, ಜೂನ್‌ನಲ್ಲಿ ತೆಳು ಬಟ್ಟೆ. ಬಡ ಮಕ್ಕಳಿಗೆ ಎರಡೂ ಕಾಲಕ್ಕೆ ಹೆಚ್ಚುಕಡಿಮೆ ಅದೇ ಬಟ್ಟೆ. ತೂಕದ ಲೆಕ್ಕ ಇನ್ನಷ್ಟು ಡೊಂಕಾಯಿತು.

ಈ ಹುಳುಕನ್ನೆಲ್ಲ 1931ರಲ್ಲಿ ಬಿಚ್ಚಿಟ್ಟವರು 'ಸ್ಟೂಡೆಂಟ್' ಎಂಬ ಗುಪ್ತನಾಮದ ವಿಲಿಯಂ ಗಾಸೆಟ್. ನೀವು ದಿನಾ ಹಾಕುವ ಟಿ-ಟೆಸ್ಟ್‌ನ ಜನಕ ಆತನೇ. ಸಂಬಳಕ್ಕೆ ದುಡಿಯುತ್ತಿದ್ದುದು ಗಿನ್ನೆಸ್ ಬಿಯರ್ ಕಂಪನಿಯಲ್ಲಿ! 20,000 ಮಕ್ಕಳ ಬದಲು 50 ಜೋಡಿ ತದ್ರೂಪಿ ಅವಳಿಗಳನ್ನು ಹಿಡಿದು, ಪ್ರತಿ ಜೋಡಿಯಲ್ಲಿ ಯಾರಿಗೆ ಹಾಲು ಎಂದು ನಾಣ್ಯ ಚಿಮ್ಮಿದ್ದರೆ ಇದಕ್ಕಿಂತ ನಂಬಿಕೆಯ ಉತ್ತರ ಸಿಗುತ್ತಿತ್ತು ಎಂಬುದು ಆತನ ಲೆಕ್ಕಾಚಾರ. ಸಂಖ್ಯೆ ದೊಡ್ಡದಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ.

ಆದ್ದರಿಂದ ನಿಮ್ಮ ಪ್ರಯೋಗಕ್ಕೆ ನೆರವಾಗುವ ಶಿಕ್ಷಕರು, ನರ್ಸ್‌ಗಳು, ಹಾಸ್ಟೆಲ್ ವಾರ್ಡನ್ ಯಾರೇ ಇರಲಿ, ಅದಲುಬದಲಿನ ಅಧಿಕಾರ ಅವರಿಗೆ ಕೊಡಬೇಡಿ. ನಿಮಗೂ ಬೇಡ.

3. ಒಬ್ಬರನ್ನೇ ಎರಡೂ ಕಡೆ ಕೂರಿಸಬಹುದೇ, ಮೊದಲು ಕೇಳಿಕೊಳ್ಳಿ

ಹಾಡಿನ ಗುಂಪು, ಮೌನದ ಗುಂಪು ಎಂದು ಜನರನ್ನು ಹೋಳು ಮಾಡುವ ಮುನ್ನ ಒಂದು ಪ್ರಶ್ನೆ: ಅದೇ ವ್ಯಕ್ತಿ ಒಮ್ಮೆ ಹಾಡು ಕೇಳುತ್ತ, ಒಮ್ಮೆ ಮೌನವಾಗಿ ಓದಬಾರದೇಕೆ? ಆಗ ಬುದ್ಧಿವಂತಿಕೆ, ವಯಸ್ಸು, ಇಂಗ್ಲಿಷ್ ಮೀಡಿಯಂ–ಕನ್ನಡ ಮೀಡಿಯಂ ಜಗಳವೇ ಇಲ್ಲ, ಇಬ್ಬರೂ ಒಬ್ಬರೇ.

ಉಳಿತಾಯವೂ ಸಣ್ಣದಲ್ಲ. ಮಧ್ಯಮ ಗಾತ್ರದ, ಅಂದರೆ 0.5ರ ಪರಿಣಾಮವನ್ನು ನೂರಕ್ಕೆ 80 ಸಲ ಹಿಡಿಯಬೇಕಾದರೆ, ಬೇರೆ ಬೇರೆ ಜನರ ಎರಡು ಗುಂಪಿಗೆ 64ರಂತೆ 128 ಜನ ಬೇಕು. ಅದೇ ಜನ ಎರಡೂ ಕಡೆ ಕೂತು, ಅವರ ಎರಡು ಅಂಕಗಳ ನಡುವೆ 0.5 ಸಹಸಂಬಂಧ ಇದ್ದರೆ 34 ಜನ ಸಾಕು. ಜನ ಸಿಗುವುದಿಲ್ಲ ಎಂದು ಗೋಳಾಡುವವರು ಈ ಎರಡು ಸಂಖ್ಯೆಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ದೃಷ್ಟಿ, ಗಮನ, ಪ್ರತಿಕ್ರಿಯೆಯ ವೇಗ ಅಳೆಯುವ ಪ್ರಯೋಗಗಳಲ್ಲಿ ಇದೇ ರೂಢಿ. 1935ರ ಸ್ಟ್ರೂಪ್ ಪ್ರಯೋಗದ ಬಣ್ಣದ ಪದಗಳನ್ನು ನಿಮ್ಮ ಲ್ಯಾಬ್‌ನಲ್ಲಿ ಈಗಲೂ ಒಬ್ಬರೇ ಎರಡೂ ಬಗೆಯಲ್ಲಿ ಓದುತ್ತಾರಲ್ಲ?

ಒಂದು ಎಚ್ಚರ: ಪದಪಟ್ಟಿ ಎರಡು ಬೇಕು, ಎರಡೂ ಅಷ್ಟೇ ಕಷ್ಟದವು. ಯಾವ ಪಟ್ಟಿ ಹಾಡಿನ ಜತೆ ಹೋಗುತ್ತದೆ ಎಂಬುದನ್ನೂ ಅರ್ಧ ಜನರಿಗೆ ತಿರುಗಿಸಬೇಕು.

4. ಮರೆಯಲಾಗದ್ದನ್ನು ತೋರಿಸುವುದಾದರೆ ಗುಂಪು ಬೇರೆ ಮಾಡಿ

ನೆಲ್ಲಿಕಾಯಿ ತಿಂದ ಬಾಯಿಗೆ ಬರಿ ನೀರೂ ಸಿಹಿ. ಮೊದಲ ಕಂಡೀಷನ್‌ನ ರುಚಿ ಎರಡನೆಯದಕ್ಕೂ ಅಂಟುತ್ತದೆ ಅನ್ನಿಸಿದರೆ, ಹಿಂದಿನ ಸೂತ್ರ ಕೈಬಿಡಿ.

ಸ್ಟ್ಯಾನ್‌ಫರ್ಡ್‌ನಲ್ಲಿ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್ ಒಂದು ಗಂಟೆ ಕಾಲ ಬೇಸರದ ಕೆಲಸ ಮಾಡಿಸಿದರು. ಅದನ್ನು 'ತುಂಬಾ ಮಜಾ ಇತ್ತು' ಎಂದು ಮುಂದಿನವರಿಗೆ ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. 1959ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 1 ಡಾಲರ್ ಪಡೆದವರೇ ಕೆಲಸ ಚೆನ್ನಾಗಿತ್ತು ಎಂದರು. ಅದೇ ಮನುಷ್ಯನಿಗೆ ಇವತ್ತು 1, ನಾಳೆ 20 ಕೊಟ್ಟು ನೋಡಿ: ಆಟ ಬಯಲು. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಗಳನ್ನು ತೋರಿಸಿ, ಒಂಬತ್ತೊಂಬತ್ತು ಜನಕ್ಕೆ ಒಂದೊಂದು ಕ್ರಿಯಾಪದ ಬಳಸಿ ವೇಗ ಕೇಳಿದ್ದೂ ಇದೇ ಕಾರಣಕ್ಕೆ. 'ನುಜ್ಜುಗುಜ್ಜಾದಾಗ' ಎಂಬ ಧಾಟಿಯಲ್ಲಿ ಕೇಳಿಸಿಕೊಂಡವರ ಸರಾಸರಿ ಉತ್ತರ ಗಂಟೆಗೆ 40.8 ಮೈಲಿ, 'ತಾಗಿದಾಗ' ಎಂದು ಕೇಳಿಸಿಕೊಂಡವರದು 31.8. ಇಬ್ಬರಿಗೂ ಎರಡೂ ಪದ ಕೇಳಿಸಿದ್ದರೆ ಪದದ ಮೇಲೇ ಕಣ್ಣು ಹೋಗುತ್ತಿತ್ತು.

ಮೋಸ, ಅಚ್ಚರಿ, ಪದದ ಚಮತ್ಕಾರ, ಮರೆಯಲಾಗದ ಕೌಶಲ: ಈ ನಾಲ್ಕರಲ್ಲಿ ಒಂದಿದ್ದರೂ ಗುಂಪು ಬೇರೆ.

ಆದರೆ ಬೇರೆ ಗುಂಪು ಎಂದೊಡನೆ ನಿಶ್ಚಿಂತೆಯಲ್ಲ. ಮೈಕೆಲ್ ಬರ್ನ್‌ಬಾಮ್ 1999ರಲ್ಲಿ ಒಂದು ಗುಂಪಿಗೆ '9 ಎಷ್ಟು ದೊಡ್ಡ ಸಂಖ್ಯೆ?' ಎಂದೂ, ಇನ್ನೊಂದಕ್ಕೆ '221 ಎಷ್ಟು ದೊಡ್ಡದು?' ಎಂದೂ ಕೇಳಿ ಅಂಕ ಕೊಡಿಸಿದರು. ಗೆದ್ದದ್ದು 9! ಒಂದಂಕಿಯ ನಡುವೆ 9 ದೊಡ್ಡದು, ಮೂರಂಕಿಯ ನಡುವೆ 221 ಚಿಕ್ಕದು. ಪ್ರತಿ ಗುಂಪೂ ತನ್ನದೇ ಅಳತೆಗೋಲು ಹಿಡಿದಿತ್ತು. ಆದ್ದರಿಂದ 'ಎಷ್ಟು ಸಂತೋಷ', 'ಎಷ್ಟು ಒತ್ತಡ' ಎಂದು ಅಂಕ ಕೇಳುವವರು ಎಲ್ಲರಿಗೂ ಒಂದೇ ಅಳತೆಗೋಲು ಸಿಗುವಂತೆ, ಮೊದಲು ಒಂದೆರಡು ಸಮಾನ ಉದಾಹರಣೆ ಕೊಟ್ಟು ಶುರುಮಾಡಿ.

5. ಎರಡೂ ಕಡೆ ಕೂರಿಸಿದರೆ ಸರದಿ ತಿರುಗಿಸಿ

ಎಲ್ಲರಿಗೂ ಮೊದಲು ಹಾಡು, ಆಮೇಲೆ ಮೌನ ಎಂದಿಟ್ಟರೆ, ಮೌನದ ಅಂಕ ಏರಿದ್ದು ಅಭ್ಯಾಸದಿಂದಲೋ ಇಳಿದದ್ದು ಸುಸ್ತಿನಿಂದಲೋ ದೇವರೇ ಬಲ್ಲ. ಅರ್ಧ ಜನಕ್ಕೆ ಸರದಿ ಉಲ್ಟಾ ಮಾಡಿ. ಯಾವ ಅರ್ಧ ಎಂಬುದಕ್ಕೂ ಚೀಟಿ.

ಕಂಡೀಷನ್ ನಾಲ್ಕಾದರೆ ಸರದಿಗಳು 24. ಅಷ್ಟೂ ಬೇಕಿಲ್ಲ. ಹಾಡು, ವಾದ್ಯ, ಮೌನ, ರಸ್ತೆ ಸದ್ದು ಇವನ್ನು ಎ, ಬಿ, ಸಿ, ಡಿ ಎಂದುಕೊಂಡು ಈ ನಾಲ್ಕು ಸಾಲು ಬರೆದುಕೊಳ್ಳಿ:

ಎ ಬಿ ಡಿ ಸಿ
ಬಿ ಸಿ ಎ ಡಿ
ಸಿ ಡಿ ಬಿ ಎ
ಡಿ ಎ ಸಿ ಬಿ

ಬೆರಳಿಟ್ಟು ನೋಡಿ. ಪ್ರತಿ ಕಂಡೀಷನ್ ಪ್ರತಿ ಸ್ಥಾನದಲ್ಲೂ ಒಮ್ಮೆ ಬಂದಿದೆ. ಅಷ್ಟೇ ಅಲ್ಲ, ಎ ಆದಮೇಲೆ ಬಿ, ಬಿ ಆದಮೇಲೆ ಎ, ಹೀಗೆ ಇರುವ 12 ಬೆನ್ನಹಿಂದಿನ ಜೋಡಿಗಳೂ ಒಂದೊಂದೇ ಸಲ ಬಂದಿವೆ. ಈ ಬಗೆಯ ಸಮತೂಕದ ಲ್ಯಾಟಿನ್ ಚೌಕ ಹೊಸೆಯುವ ವಿಧಾನವನ್ನು ಇ.ಜೆ. ವಿಲಿಯಮ್ಸ್ 1949ರಲ್ಲಿ ಕೊಟ್ಟರು. ಕಂಡೀಷನ್‌ಗಳ ಸಂಖ್ಯೆ ಬೆಸವಾದರೆ ಸಾಮಾನ್ಯವಾಗಿ ಎರಡು ಚೌಕ ಬೇಕಾಗುತ್ತದೆ. ಜನರ ಸಂಖ್ಯೆ ಸಾಲುಗಳ ಗುಣಕವಾಗಿರಲಿ: ಇಲ್ಲಿ 24 ಅಥವಾ 28, 26 ಅಲ್ಲ. (ಇಂಥ ಚೌಕ, ಸರಣಿಗಳ ಗಣಿತದಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಹೆಸರು ದೊಡ್ಡದು. 1940ರ ದಶಕದಲ್ಲಿ ಅವರು ರೂಪಿಸಿದ ಆರ್ಥಾಗನಲ್ ಅರೇಗಳು ಇಂದು ಕಾರ್ಖಾನೆಗಳವರೆಗೂ ಹೋಗಿವೆ.)

ಸರದಿ ತಿರುಗಿಸುವುದು ಸರ್ವರೋಗಕ್ಕೂ ಮದ್ದಲ್ಲ. ಒಂದು ಕಂಡೀಷನ್‌ನಲ್ಲಿ ನೆನಪಿನ ತಂತ್ರ ಕಲಿಸಿಬಿಟ್ಟರೆ, ಅದು ಮೊದಲು ಬಂದವರಿಗೆ ಮುಂದಕ್ಕೂ ಅಂಟುತ್ತದೆ, ಕೊನೆಗೆ ಬಂದವರಿಗೆ ಇಲ್ಲ. ಹಾಗಿದ್ದಲ್ಲಿ ನಾಲ್ಕನೆಯ ಸೂತ್ರಕ್ಕೇ ಹಿಂತಿರುಗಿ.

6. ಗುಂಪು ಸಣ್ಣದಿದ್ದರೆ ಬರೀ ನಾಣ್ಯ ನಂಬಬೇಡಿ

20 ಜನರಿಗೆ ಒಬ್ಬೊಬ್ಬರಿಗೂ ನಾಣ್ಯ ಚಿಮ್ಮಿದರೆ ಸರಿಯಾಗಿ 10–10 ಬರುವುದು ನೂರಕ್ಕೆ ಸುಮಾರು 18 ಸಲ. 14–6 ಅಥವಾ ಅದಕ್ಕಿಂತ ಓರೆ ಬರುವುದು ನೂರಕ್ಕೆ 11–12 ಸಲ. ಅದಕ್ಕೆ ನಾಲ್ಕುನಾಲ್ಕು ಜನರ ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನಲ್ಲಿ ಎರಡು ಹಾಡು, ಎರಡು ಮೌನ ಬರುವಂತೆ ಚೀಟಿ ಎತ್ತಿ. ಬಗೆಗಳು ಆರೇ ಇರುವುದರಿಂದ ದಾಳ ಉರುಳಿಸಿದರೂ ನಡೆಯುತ್ತದೆ. ಬ್ಲಾಕಿನ ಗಾತ್ರ ಒಂದೇ ಇದ್ದರೆ ಕೊನೆಯವರು ಯಾವ ಗುಂಪು ಎಂದು ಊಹಿಸಬಹುದು. 4 ಮತ್ತು 6 ಬೆರೆಸಿ. ಪ್ರಯೋಗ ವಾರಗಟ್ಟಲೆ ನಡೆದು ನಡುವೆ ಇಂಟರ್ನಲ್ಸ್ ಬಂದರೂ, ಆ ವಾರದ ತಲೆನೋವು ಎರಡೂ ಗುಂಪಿಗೆ ಸಮವಾಗಿ ಹಂಚಿಹೋಗುತ್ತದೆ.

7. ಚೀಟಿ ಚೆನ್ನಾಗಿ ಕಲಸಿ

ರೋಲ್ ನಂಬರ್ ಸಮ–ಬೆಸ, ಒಬ್ಬರು ಬಿಟ್ಟು ಒಬ್ಬರು, ಎಡ ಬೆಂಚು–ಬಲ ಬೆಂಚು ಇವು ಚೀಟಿಯಲ್ಲ, ಚೀಟಿಯ ವೇಷ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಕರೆಯಲು 366 ಹುಟ್ಟುದಿನಗಳ ಲಾಟರಿ ಎತ್ತಿದರು. ಗುಳಿಗೆಗಳನ್ನು ತಿಂಗಳ ಕ್ರಮದಲ್ಲಿ ಸುರಿದು ಸರಿಯಾಗಿ ಕಲಸಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಸರದಿ ಹೆಚ್ಚಾಗಿ ಮೊದಲೇ ಬಂತು. ಹೋಲಿಸಿದರೆ 1884ರ ಸುಮಾರಿಗೇ ಬಾಲ್ಟಿಮೋರ್‌ನಲ್ಲಿ ಪಿಯರ್ಸ್ ಮತ್ತು ಜ್ಯಾಸ್ಟ್ರೊ ಭಾರದ ಸೂಕ್ಷ್ಮ ವ್ಯತ್ಯಾಸ ಗುರುತಿಸುವ ಪ್ರಯೋಗದಲ್ಲಿ ಇಸ್ಪೀಟು ಕಲಸಿ ಸರದಿ ನಿರ್ಧರಿಸಿದ್ದರು.

ಕಂಪ್ಯೂಟರ್ ಇದ್ದರೆ ಎಕ್ಸೆಲ್‌ನಲ್ಲಿ ಒಂದು ಕಾಲಂ ಕ್ರಮಸಂಖ್ಯೆ, ಪಕ್ಕದಲ್ಲಿ ರ್‍ಯಾಂಡ್ ಸೂತ್ರ, ಅದರ ಪ್ರಕಾರ ಸಾರ್ಟ್. ಶೀಟ್ ಮುಟ್ಟಿದಾಗಲೆಲ್ಲ ಆ ಸಂಖ್ಯೆಗಳು ಬದಲಾಗುತ್ತವೆ. ಮೊದಲೇ ಕಾಪಿ ಮಾಡಿ 'ವ್ಯಾಲ್ಯೂಸ್' ಎಂದು ಪೇಸ್ಟ್ ಮಾಡಿ ಗಟ್ಟಿ ಮಾಡಿಕೊಳ್ಳಿ.

8. ಜೋಡಿ ಮಾಡಿದರೂ ಕೊನೆಗೆ ಚೀಟಿಯೇ

1961ರ ಬೋಬೋ ಗೊಂಬೆಯ ಪ್ರಯೋಗದಲ್ಲಿ ಬಂಡೂರ ಮತ್ತು ಸಂಗಡಿಗರು 72 ಮಕ್ಕಳನ್ನು ಸುಮ್ಮನೆ ಹಂಚಲಿಲ್ಲ. ಮಗು ಮೊದಲೇ ಎಷ್ಟು ಹೊಡೆದಾಡುತ್ತದೆ, ಬೈಯುತ್ತದೆ, ಸಾಮಾನು ಒಡೆಯುತ್ತದೆ ಎಂದು ಮಕ್ಕಳನ್ನು ಬಲ್ಲವರಿಂದ ಅಂಕ ಹಾಕಿಸಿ, ಸಮಾನ ಮಕ್ಕಳನ್ನು ಮೂರುಮೂರರಂತೆ ಜೋಡಿಸಿ, ಆಮೇಲೆ ಅದೃಷ್ಟಕ್ಕೆ ಬಿಟ್ಟರು. ಗುಂಪಿಗೆ ಆರಾರು ಮಕ್ಕಳಿದ್ದಾಗ ಇದು ಜಾಣತನ. ಆದರೆ ಜೋಡಿ ಮಾಡುವ ಗುಣ ಫಲಿತಾಂಶಕ್ಕೆ ನೇರ ಸಂಬಂಧಿಸಿರಬೇಕು. ನೆನಪಿನ ಪ್ರಯೋಗಕ್ಕೆ ಮೊದಲೇ ಒಂದು ಪದಪಟ್ಟಿ ಕೊಟ್ಟು ಅಂಕದ ಮೇಲೆ ಜೋಡಿ ಮಾಡಿ. ರಾಶಿ, ಊರು, ರಕ್ತದ ಗುಂಪು ಹಿಡಿದು ಹೊರಡಬೇಡಿ.

9. ಮುಂದಿನ ಚೀಟಿ ಯಾವುದೆಂದು ಯಾರಿಗೂ ಗೊತ್ತಾಗದಿರಲಿ

ಪಟ್ಟಿ ಸರಿಯಿದ್ದರೂ ಅದು ಪ್ರಯೋಗ ನಡೆಸುವವರ ಮೇಜಿನ ಮೇಲೆ ಬಿದ್ದಿದ್ದರೆ ಲ್ಯಾನಾರ್ಕ್‌ಶೈರ್ ಮತ್ತೆ ನಡೆಯುತ್ತದೆ. "ಈ ಹುಡುಗಿ ಸುಸ್ತಾದಂತಿದೆ, ಮುಂದಿನವರನ್ನು ಮೊದಲು ಕರೆಯೋಣ." ಅಷ್ಟು ಸಾಕು. ದಪ್ಪ ಕಂದು ಲಕೋಟೆ, ಹೊರಗೆ ಕ್ರಮಸಂಖ್ಯೆ, ಅಂಟಿಸಿದ ಬಾಯಿ. ಟ್ಯೂಬ್‌ಲೈಟಿಗೆ ಹಿಡಿದು ಒಳಗಿನ ಅಕ್ಷರ ಕಾಣುತ್ತದೆಯೇ ನೋಡಿ. ಭಾಗವಹಿಸುವವರು ಸಹಿ ಹಾಕಿ, ಅವರ ಹೆಸರು ಲಕೋಟೆಯ ಮೇಲೆ ಬಿದ್ದ ನಂತರವೇ ಒಡೆಯಬೇಕು. ವೈದ್ಯಕೀಯದ 250 ಪ್ರಯೋಗಗಳನ್ನು ಕೆನೆತ್ ಶುಲ್ಜ್ ಮತ್ತು ಸಂಗಡಿಗರು 1995ರಲ್ಲಿ ಜಾಲಾಡಿದಾಗ, ಹೀಗೆ ಮುಚ್ಚಿಡದ ಕಡೆ ಚಿಕಿತ್ಸೆಯ ಫಲ ಉಬ್ಬಿ ಕಂಡಿತ್ತು.

ಸಾಧ್ಯವಿದ್ದಲ್ಲಿ ಅಂಕ ಎಣಿಸುವವರಿಗೂ ಗುಂಪು ತಿಳಿಯದಿರಲಿ. 1963ರಲ್ಲಿ ರೋಸೆಂಥಾಲ್ ಮತ್ತು ಫೋಡ್ ಸಾಮಾನ್ಯ ಇಲಿಗಳನ್ನೇ 'ಜಾಣ', 'ದಡ್ಡ' ಎಂದು ಹೇಳಿ ವಿದ್ಯಾರ್ಥಿಗಳ ಕೈಗಿಟ್ಟರು. 'ಜಾಣ' ಇಲಿಗಳು ಚೆನ್ನಾಗಿಯೇ ಓಡಿದವು.

10. ತರಗತಿ ಹಂಚಿದರೆ ತರಗತಿಯೇ ಲೆಕ್ಕ

'ಎ' ಸೆಕ್ಷನ್‌ಗೆ ಹೊಸ ವಿಧಾನ, 'ಬಿ' ಸೆಕ್ಷನ್‌ಗೆ ಹಳೆಯದು, ತಲಾ 40 ಮಕ್ಕಳು. ನಿಮ್ಮ ಬಳಿ 80 ಜನರಿಲ್ಲ. ಇರುವುದು ಎರಡು ಸೆಕ್ಷನ್. ಗೆದ್ದದ್ದು ವಿಧಾನವೋ, 'ಎ' ಸೆಕ್ಷನ್‌ನ ಮೇಡಂ ಪಾಠವೋ ಹೇಳಲಾಗದು. 40ರ ಹತ್ತು ತರಗತಿ ಸಿಕ್ಕಿದರೂ, ಒಂದೇ ತರಗತಿಯ ಮಕ್ಕಳ ಹೋಲಿಕೆ 0.1ರಷ್ಟಿದ್ದರೆ 400 ಮಕ್ಕಳ ನಿಜ ಬೆಲೆ ಸುಮಾರು 82. ತರಗತಿಯ ಒಳಗೇ ಮಕ್ಕಳನ್ನು ಹಂಚಲು ಆದರೆ ಹಂಚಿ. ಪಕ್ಕದ ಬೆಂಚಿಗೆ ಗುಟ್ಟು ಹರಿಯುವಂಥ ಪ್ರಯೋಗವಾದರೆ ಮಾತ್ರ ತರಗತಿಗಳನ್ನು ಹಂಚಿ, ಮತ್ತು ಹೆಚ್ಚು ತರಗತಿ ಹುಡುಕಿ.

11. ಬಿಟ್ಟುಹೋದವರನ್ನು ಗುಂಪುವಾರು ಎಣಿಸಿ

ಆನ್‌ಲೈನ್ ಪ್ರಯೋಗದಲ್ಲಿ ಜನ ಅರ್ಧಕ್ಕೇ ಟ್ಯಾಬ್ ಮುಚ್ಚುತ್ತಾರೆ. ಹಾವೊಟಿಯನ್ ಝೌ ಮತ್ತು ಆಯೆಲೆಟ್ ಫಿಶ್‌ಬಾಕ್ 2016ರಲ್ಲಿ ಇದರ ಅಪಾಯವನ್ನು ಬೇಕೆಂದೇ ತೋರಿಸಿದರು: ಐಲೈನರ್ ಹಚ್ಚಿಕೊಳ್ಳುವುದನ್ನು ಕಲ್ಪಿಸಿಕೊಂಡ ಗುಂಪಿನ ತೂಕ, ಶೇವಿಂಗ್ ನಂತರದ ಕ್ರೀಮ್ ಕಲ್ಪಿಸಿಕೊಂಡವರ ತೂಕಕ್ಕಿಂತ ಕಡಿಮೆ! ಚೀಟಿ ಸರಿಯಾಗಿಯೇ ಇತ್ತು. ಗಂಡಸರು ಒಂದು ಕಡೆ ಹೆಚ್ಚು, ಹೆಂಗಸರು ಇನ್ನೊಂದು ಕಡೆ ಹೆಚ್ಚು ಎದ್ದುಹೋಗಿದ್ದರು. ಎಷ್ಟು ಜನ ಮುಗಿಸಿದರು ಎಂದಷ್ಟೇ ಬರೆಯಬೇಡಿ. ಯಾವ ಗುಂಪಿನಲ್ಲಿ ಎಷ್ಟು ಜನ ಶುರು ಮಾಡಿದ್ದರು ಎಂಬುದೂ ಇರಲಿ. ಬೇಸರದ ಭಾಗ ಇದ್ದರೆ ಹಂಚುವ ಮುಂಚೆಯೇ ಇಡಿ. ಹೋಗುವವರು ಅಲ್ಲೇ ಹೋಗಲಿ.

12. ಹಂಚಲಾಗದ್ದನ್ನು ಹಂಚಿದೆ ಎನ್ನಬೇಡಿ, ಹಂಚಬಾರದ್ದನ್ನು ಹಂಚಬೇಡಿ

ಗಂಡು–ಹೆಣ್ಣು, ಹಳ್ಳಿ–ಪೇಟೆ, ಧೂಮಪಾನಿ–ಅಲ್ಲದವರು: ಇವು ಬಂದಾಗಲೇ ಇರುವ ಗುಂಪುಗಳು. ಇವನ್ನು ಹೋಲಿಸಿ, ತಪ್ಪಿಲ್ಲ. 'ಪರಿಣಾಮ' ಎಂಬ ಪದ ಮಾತ್ರ ಬಳಸಬೇಡಿ.

ಇನ್ನು ಹಂಚಬಹುದಾದರೂ ಎದೆ ನಡುಗುವ ಸಂದರ್ಭಗಳಿವೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಪುಟ್ಟ ಮಕ್ಕಳಲ್ಲಿ ಅರ್ಧ ಜನರನ್ನು ಚೀಟಿಯ ಪ್ರಕಾರ ಸಾಕುಮನೆಗೆ ಕಳಿಸಿದರು, ಉಳಿದವರಿಗೆ ಎಂದಿನ ವ್ಯವಸ್ಥೆಯೇ ಮುಂದುವರಿಯಿತು. ಸಾಕುಮನೆಯ ಮಕ್ಕಳ ಬುದ್ಧಿ, ಬಾಂಧವ್ಯ ಸುಧಾರಿಸಿದ್ದು ಗಟ್ಟಿ ಪುರಾವೆಯಾಯಿತು. ಉಳಿದ ಮಕ್ಕಳ ಬಗ್ಗೆ ವಾದ ಇನ್ನೂ ನಿಂತಿಲ್ಲ. ನಿಮ್ಮದು ಆಪ್ತಸಲಹೆ, ಚಿಕಿತ್ಸೆಯ ಪ್ರಯೋಗವಾದರೆ ಕಂಟ್ರೋಲ್ ಗುಂಪಿಗೆ ಕೊನೆಯಲ್ಲಿ ಅದೇ ಚಿಕಿತ್ಸೆ ಕೊಡುವ ಕಾಯುವ ಪಟ್ಟಿ ಮಾಡಿ. ಐ.ಸಿ.ಎಂ.ಆರ್.ನ 2017ರ ಮಾರ್ಗಸೂಚಿ ಓದಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದೇ ಚೀಟಿ ಮುಟ್ಟಿ.

ಕೊನೆಗೆ ಒಂದು ಕೋರಿಕೆ. ಪ್ರಬಂಧಗಳಲ್ಲಿ 'ರ್‍ಯಾಂಡಮ್ ಆಗಿ ಹಂಚಲಾಯಿತು' ಎಂಬ ಎರಡು ಮೂರು ಪದಗಳಲ್ಲಿ ಈ ವಿಷಯ ಮುಗಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಪಟ್ಟಿ ಯಾರು ತಯಾರಿಸಿದರು, ಯಾವ ವಿಧಾನದಲ್ಲಿ, ಬ್ಲಾಕ್ ಎಷ್ಟರದು, ಲಕೋಟೆ ಯಾರ ಬಳಿ ಇತ್ತು, ಯಾವಾಗ ಒಡೆದರು ಎಂದು ಐದಾರು ಸಾಲು ಬರೆಯಿರಿ, ಅದೂ ಮೊದಲ ವ್ಯಕ್ತಿ ಲ್ಯಾಬ್‌ಗೆ ಕಾಲಿಡುವ ಮುಂಚೆ. ಆ ಸಾಲುಗಳನ್ನು ಬರೆಯಲು ಆಗುತ್ತಿಲ್ಲವಾದರೆ ಪ್ರಯೋಗವನ್ನು ಒಂದು ವಾರ ಮುಂದಕ್ಕೆ ಹಾಕಿ.